ಸೇವಂತಿಗೆ ಉಳಿಸಿದ ತೂತು

ಗಂಜಾಂನಲ್ಲಿರುವ ನಮ್ಮ ಚಿಕ್ಕಪ್ಪ ಅಕ್ಕಸಾಲಿಗ. ಆಯುಧಪೂಜೆಯ ದಿನ ಸುತ್ತಿಗೆ, ಇಕ್ಕುಳ, ತಕ್ಕಡಿಗಳ ಸಾಲಿನಲ್ಲಿ ತನ್ನ ಹಳೇ ಲ್ಯಾಪ್‌ಟಾಪನ್ನೂ ಕೂರಿಸಿದ. ಚಿಕ್ಕಮ್ಮ ಭೇದ ಮಾಡುವವಳಲ್ಲ. ಎಲ್ಲಕ್ಕೂ ನೀರು ಚಿಮುಕಿಸಿ, ಧಾರಾಳವಾಗಿ ಅರಿಸಿನ ಕುಂಕುಮ ಹಾಕಿದಳು. ಪೆನ್‌ಡ್ರೈವ್ ಸಿಗಿಸುವ ತೂತುಗಳಿಗೆ ಕುಂಕುಮ ಇಳಿದು ಗಾರೆಯಂತೆ ಗಟ್ಟಿಯಾಯಿತು. ಅದನ್ನು ಕೀಳುತ್ತೇನೆಂದು ಚಿಕ್ಕಪ್ಪ ಹರಳು ಹಿಡಿಯುವ ಚಿಮುಟ ತೂರಿಸಿ, ಒಳಗಿನ ನಾಲಗೆಗಳನ್ನೇ ಮುರಿದುಹಾಕಿದ. ಸಿಡಿ ತಟ್ಟೆ ಅದಕ್ಕೂ ಮೊದಲೇ ಕೆಟ್ಟಿತ್ತು.

ಒಂದು ತಿಂಗಳಿಗೆ ಲ್ಯಾಪ್‌ಟಾಪು ಏಳುವುದನ್ನೇ ನಿಲ್ಲಿಸಿತು. ಹೊಸ ಸಿಸ್ಟಮ್ ಹಾಕಬೇಕು, ಆದರೆ ಒಳಗೆ ಹೋಗಲು ದಾರಿಯಿಲ್ಲ. ಒಳಗಿದ್ದದ್ದು ಸಾಮಾನ್ಯವಲ್ಲ. ಓಲೆ, ಅಡ್ಡಿಕೆ, ಬುಗುಡಿ ಮುಂತಾದ ಒಡವೆಗಳಿಗೆ ಚಿಕ್ಕಪ್ಪ ಕೈಯಲ್ಲಿ ಬರೆದ ಡಿಸೈನುಗಳೆಲ್ಲ ಅಲ್ಲಿದ್ದವು. ಹೊಳೆ ನೀರು ಬೀದಿಗೆ ಬಂದ ವರ್ಷ ಮೂಲ ಪುಸ್ತಕಗಳು ನೆನೆದು ಮುದ್ದೆಯಾಗಿದ್ದವು. ಅದಕ್ಕೂ ಮೊದಲು ತೆಗೆದಿಟ್ಟಿದ್ದ ಫೋಟೋಗಳಷ್ಟೇ ಉಳಿದದ್ದು.

ನಾನೂ ಚಿಕ್ಕಪ್ಪನೂ ಒಯ್ದು ತೋರಿಸಿದಾಗ ಕೆ.ಆರ್.ಪೇಟೆಯ ಕಂಪ್ಯೂಟರ್ ಅಂಗಡಿಯವನು ಮೂಗಿನಲ್ಲೇ ತೀರ್ಪು ಕೊಟ್ಟಿದ್ದ. “ಪೆನ್‌ಡ್ರೈವ್ ಇಲ್ಲ, ಸೀಡಿ ಇಲ್ಲ, ಎಲ್ಲಿಂದ ಆಕ್ಲಿ ಸಾ? ಮ್ಯಾಲಿಂದ ಉಯ್ಯಕಾಯ್ತದಾ?” ಅವನ ದನಿ ನನಗೆ ಅಲ್ಲೇ ಬಾಯಿಪಾಠವಾಯಿತು. ನನಗೆ ಬರುವ ವಿದ್ಯೆ ಅದೊಂದೇ: ಊರವರ ದನಿ ಕದಿಯುವುದು. ಕಂಪ್ಯೂಟರ್ ವಿದ್ಯೆ ಅದರ ಅರ್ಧದಷ್ಟೂ ಇಲ್ಲ. ಆದರೂ ಎದೆ ತಟ್ಟಿಕೊಂಡು, ಭಾನುವಾರ ಬೆಳಗ್ಗೆ ಕಿಕ್ಕೇರಿಯಿಂದ ನನ್ನ ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಗಂಜಾಂನಲ್ಲಿ ರೋಗಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಹಿಂಭಾಗದ ಅಗಲವಾದ ತೂತಿನಲ್ಲಿ, ಪೂಜೆಯ ದಿನ ಚಿಕ್ಕಮ್ಮ ಸಿಗಿಸಿದ್ದ ಸೇವಂತಿಗೆಯೊಂದು ಒಣಗಿ ಇನ್ನೂ ಸಿಕ್ಕಿಕೊಂಡಿತ್ತು. ಕಿತ್ತೆ. ಒಳಗೆ ಒಂದು ಕಣ ಕುಂಕುಮವೂ ಇರಲಿಲ್ಲ! ಇಂಟರ್ನೆಟ್ ಕೇಬಲ್ ಸಿಗಿಸುವ ತೂತು ಅದು.

“ಚಿಕ್ಕಮ್ಮಾ, ನೀನು ದೇವ್ರು ಕಣಮ್ಮ!” ಎಂದು ಕುಣಿದೆ.

“ಇದೇನ್ಲಾ, ಬಸ್ಸಲ್ಲಿ ತಲೆಗಿಲೆ ಒಡಿಸ್ಕಂಡಾ?” ಎಂದಳು ಅಡುಗೆಮನೆಯಿಂದ.

ಕೆಲವು ಹಳೇ ಯಂತ್ರಗಳು ಆ ತೂತಿನಿಂದಲೇ ಇನ್ನೊಂದು ಕಂಪ್ಯೂಟರಿನ ಸಿಸ್ಟಮನ್ನು ಹೀರಿಕೊಳ್ಳಬಲ್ಲವು ಎಂದು ಓದಿದ್ದೆ. ಮಾಡಿ ನೋಡಿರಲಿಲ್ಲ, ಅದನ್ನು ಚಿಕ್ಕಪ್ಪನಿಗೆ ಹೇಳಲೂ ಇಲ್ಲ. ಸೈಕಲ್ ತುಳಿದುಕೊಂಡು ಪಟ್ಟಣಕ್ಕೆ ಹೋಗಿ, ಮನೆಮನೆಗೆ ಇಂಟರ್ನೆಟ್ ಎಳೆಯುವವನ ಹತ್ತಿರ ಎರಡು ಮಾರು ಕೇಬಲ್ ಪುಕ್ಕಟೆ ಕೇಳಿ ತಂದೆ. ದುಡ್ಡಿಲ್ಲದೆ ಸಿಗುವ ಲಿನಕ್ಸ್ ಎಂಬ ಸಿಸ್ಟಮನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಬಡಿಸಲು ಸಿದ್ಧಮಾಡಿಟ್ಟು, ಎರಡನ್ನೂ ಜೋಡಿಸಿದೆ. ಪುಕ್ಕಟೆ ಕೇಬಲ್ ನೋಡಿ, ತುದಿಯ ಕೊಕ್ಕೆ ಮುರಿದಿತ್ತು. ಕೈಬಿಟ್ಟರೆ ಜಾರುತ್ತಿತ್ತು.

“ಸರೀಲಾ ಅತ್ಲಾಗೆ. ನಾನ್ ಇಡ್ಕತೀನಿ,” ಎಂದು ಚಿಕ್ಕಪ್ಪ ಬೆರಳೊತ್ತಿ ಕೂತ. ಮೂಗುತಿಗೆ ಹರಳು ಕೂರಿಸುವ ಕೈ ಅದು. ಒಂದು ಕೂದಲಷ್ಟೂ ಅಲುಗಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ದಡದಡನೆ ಓಡತೊಡಗಿದವು. ಖುಷಿ ತಡೆಯಲಾರದೆ ಮೂಗಿನಲ್ಲಿ ಶುರುಮಾಡಿದೆ: “ಎಲ್ಲಿಂದ ಆಕ್ಲಿ ಸಾ? ಮ್ಯಾಲಿಂದ ಉಯ್ಯಕಾಯ್ತದಾ?”

ಚಿಕ್ಕಪ್ಪ ಕಿಸಕ್ಕನೆ ನಕ್ಕ. ಕೇಬಲ್ ಜಾರಿತು. ಅಕ್ಷರಗಳು ನಿಂತೇಹೋದವು.

“ಮುಚ್ಲಾ ಬಾಯ! ಕಲ್ಲು ಕೂರ್ಸೋವಾಗ ನಮ್ಮಪ್ಪನ್ ಮುಂದೆ ನಾವು ಉಸ್ರೂ ಬುಡ್ತಿರ್ನಿಲ್ಲ!”

ಮತ್ತೆ ಮೊದಲಿಂದ. ಈ ಸಲ ಪರದೆ ಪ್ರಶ್ನೆ ಕೇಳಿತು: ಡಿಸ್ಕಿನ ಎರಡು ಭಾಗಗಳಲ್ಲಿ ಯಾವುದನ್ನು ಅಳಿಸಿ ಸಿಸ್ಟಮ್ ಹಾಕಲಿ? ತಪ್ಪು ಒತ್ತಿದರೆ ಓಲೆ, ಬುಗುಡಿ ಎಲ್ಲ ಹೊಳೆಪಾಲು.

“ಡಿಸೈನು ಯಾವುದ್ರಲ್ಲಿ ಅವೆ ಚಿಕ್ಕಪ್ಪ?” ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ದೊಡ್ಡದ್ರಲ್ಲಿ. ಅದ್ನ ಮುಟ್ಟೀಯ ಮತ್ತೆ!”

ಚಿಕ್ಕದನ್ನು ಒತ್ತಿದೆ. ಕೆಲಸ ಎಷ್ಟು ಮುಗಿಯಿತೆಂದು ತೋರಿಸುವ ಗೆರೆ ಇರುವೆಯಂತೆ ಹೊರಟಿತು. ಇನ್ನು ಕೇಬಲ್ ಜಾರಿದರೆ ಅರ್ಧಂಬರ್ಧ ಸಿಸ್ಟಮ್ ಹೊತ್ತ ಯಂತ್ರ ಏನು ಮಾಡುತ್ತದೋ ನನಗೆ ಗೊತ್ತಿರಲಿಲ್ಲ. ನಾನು ಮೂಕನಾದೆ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಸುಮ್ಮನಿದ್ದವನಲ್ಲ.

ಗೆರೆ ಮುಕ್ಕಾಲು ದಾಟಿದಾಗ ಚಿಕ್ಕಮ್ಮ ಬಂದಳು. “ಮುದ್ದೆ ಆರೋಯ್ತದೆ, ಏಳಿ.” ಇಬ್ಬರೂ ಅಲುಗಲಿಲ್ಲ. ನನ್ನ ಮುಖ ನೋಡಿ ಹಣೆ ಮುಟ್ಟಿದಳು. “ಇದ್ಯಾಕಪ್ಪ ಮಾತೇ ನಿಂತೋಗದೆ? ದೃಷ್ಟಿಗಿಷ್ಟಿ ಆಯ್ತಾ?” ನಗು ತಡೆದ ಚಿಕ್ಕಪ್ಪನ ಮೀಸೆ ನಡುಗತೊಡಗಿತು. ಕೆಟ್ಟೆವು ಎಂದುಕೊಂಡು ಟವೆಲ್ಲನ್ನು ನನ್ನ ಬಾಯಿಗೆ ತುರುಕಿಕೊಂಡೆ. ಅದನ್ನು ನೋಡಿ ಅವನ ಹೊಟ್ಟೆ ಕುಲುಕಿತು, ಭುಜ ಕುಲುಕಿತು. ಬೆರಳು ಮಾತ್ರ ಕುಲುಕಲಿಲ್ಲ.

ಮುಗಿಯಿತು! ಯಂತ್ರ ಆರಿ, ಹೊತ್ತಿಕೊಂಡು, ನೀಲಿ ಪರದೆಯೊಂದಿಗೆ ಎದ್ದಿತು. ದೊಡ್ಡ ಭಾಗ ತೆರೆದೆ. ಓಲೆಗಳು, ಅಡ್ಡಿಕೆಗಳು ಸಾಲುಸಾಲಾಗಿ ಬಂದು ಕೂತವು. ಚಿಕ್ಕಪ್ಪ ಒಂದನ್ನು ಮುಟ್ಟಿ, “ಇದು ನಮ್ಮವ್ವನ್ ಬುಗುಡಿ ಕಣ್ಲಾ,” ಎಂದ.

ಅಷ್ಟರಲ್ಲಿ ಚಿಕ್ಕಮ್ಮ ಕುಂಕುಮದ ಬಟ್ಟಲು ಹಿಡಿದು ಬಂದಳು.

“ಬ್ಯಾಡಾ!” ಇಬ್ಬರೂ ಲ್ಯಾಪ್‌ಟಾಪಿನ ಮೇಲೆ ಕವುಚಿಕೊಂಡೆವು.

“ಎದ್ದೈತೆ, ಅಂಗೇ ಬುಡಕಾಯ್ತದಾ?”

“ಇವನ್ಗೆ ಇಕ್ಕು. ಇವನ್ ಬಾಯ್ ತೂತೇನಾರ ಮುಚ್ಕಂಡ್ರೆ ಊರಿಗೇ ವಳ್ಳೇದು.”

ಹಣೆಗೆ ಬಿದ್ದ ಕುಂಕುಮ ಮೂಗಿಗೂ ಉದುರಿತು. ನಾನು ಡಿಸೈನುಗಳನ್ನೆಲ್ಲ ಅದೇ ಕೇಬಲ್ಲಿನಲ್ಲಿ ನನ್ನ ಲ್ಯಾಪ್‌ಟಾಪಿಗೂ ಕಾಪಿ ಹಾಕಿದೆ. ಚಿಕ್ಕಪ್ಪ ಮತ್ತೆ ಬೆರಳೊತ್ತಿ ಕೂತು ಕೇಳಿದ:

“ಈಗ ಜಾರುದ್ರೆ?”

“ಏನೂ ಆಗಕಿಲ್ಲ. ಮತ್ತೆ ಸಿಗುಸುದ್ರಾಯ್ತು.”

“ಅಂಗಾದ್ರೆ ಆ ಅಂಗಡಿಯೋನ್ದು ಇನ್ನೊಂದ್ಸಲ ಮಾಡ್ಲಾ. ಆಗ್ಲಿಂದ ತಡ್ಕಂಡಿವ್ನಿ.”