ಮಾವನ ಮುಂದೆ ಕೇಳಿದ ಪ್ರಶ್ನೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬಾಗಲಕೋಟೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ಕಲಿಸುತ್ತಿದ್ದೆ. ಸೂಜಿ ಚುಚ್ಚುವುದನ್ನು ಯಾರಿಗಾದರೂ ಕಲಿಸಬಹುದು. ರೋಗಿಯ ಬಾಯಿ ಬಿಡಿಸುವುದನ್ನು ಕಲಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಮೊದಲ ದಿನವೇ ಹೇಳುತ್ತಿದ್ದೆ: ಬಾಣಂತಿಯನ್ನು ಏನಾದರೂ ಕೇಳುವ ಮೊದಲು ಗಂಡಸರನ್ನು ಹೊರಗೆ ಕಳಿಸಿ. ನಮ್ಮ ಕಡೆ ಸೊಸೆ ಮಾವನೆದುರು ತಲೆಯ ಮೇಲಿನ ಸೆರಗು ಸರಿಸುವುದಿಲ್ಲ, ಇನ್ನು ಮಾತಂತೂ ದೂರವೇ ಉಳಿಯಿತು. ಆತನೆದುರು ಕೇಳಿದರೆ ಬರುವುದು ಆತನ ಉತ್ತರ.

ಒಂದು ವರ್ಷದ ತಂಡದಲ್ಲಿ ಶಿರೂರಿನ ಕಡೆಯ ಹುಡುಗಿಯೊಬ್ಬಳಿದ್ದಳು. ಪಾಠವೆಲ್ಲ ಬಾಯಿಪಾಠ. ಆದರೆ ಹಿರಿಯರೆಂದರೆ ತಲೆ ತಗ್ಗಿಸುವ ಮನೆಯಲ್ಲಿ ಬೆಳೆದವಳು.

“ಅಪ್ಪನಂಥವ್ರಿಗೆ ಹೊರಗ ಹೋಗ್ರಿ ಅಂತ ಹೆಂಗ ಅನ್ಲಿರಿ, ಅಕ್ಕಾರ?” ಎಂದು ಕೇಳಿದ್ದಳು.

“ಬಾಯಿ ತಗದು ಅನ್ನು. ಬೇಕಾದ್ರ ನನ್ನ ಹೆಸರು ಹೇಳು,” ಎಂದು ಗದರಿದ್ದೆ.

ಒಂದು ಬೆಳಿಗ್ಗೆ ಇಳಕಲ್ಲಿನ ನೇಕಾರರ ಮನೆಯ ಸೊಸೆಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಈ ಹುಡುಗಿಯ ಪಾಲಿಗೆ ಬಂತು. ಮೂರನೆಯ ಹೆರಿಗೆ, ಹಿಂದಿನ ಸಂಜೆ ಆಗಿತ್ತು. ಕೂಸು ಗಟ್ಟಿಮುಟ್ಟಾಗಿತ್ತು. ಅತ್ತೆ ನೆಲದ ಮೇಲೆ ಕೂತಿದ್ದಳು, ಮಾವ ಮಂಚದ ಪಕ್ಕದ ಸ್ಟೂಲಿನ ಮೇಲೆ, ಹಣೆತುಂಬ ವಿಭೂತಿ. ಹುಡುಗಿ ಅವರನ್ನು ಎಬ್ಬಿಸಲಿಲ್ಲ. ನಿಂತಲ್ಲೇ, “ಹೆಂಗದೀರಿ?” ಎಂದು ಬಾಣಂತಿಯನ್ನು ಕೇಳಿದಳು. “ಆರಾಮ ಅದಾಳವ್ವ,” ಎಂದರು ಮಾವ. ಬಾಣಂತಿ ಸೆರಗಿನೊಳಗೇ ತಲೆಯಾಡಿಸಿದಳು. ಹುಡುಗಿ ಮುಂದಿನ ಮಂಚಕ್ಕೆ ಹೋದಳು. ಇದನ್ನೆಲ್ಲ ಆಮೇಲೆ ಆಕೆಯೇ ಅಳುತ್ತ ನನಗೆ ಹೇಳಿದ್ದು.

ಸ್ವಲ್ಪ ಹೊತ್ತಿಗೆ ನಾನು ವಾರ್ಡಿಗೆ ಬಂದಾಗ ಬಾಣಂತಿಯ ತುಟಿ ಬಿಳುಪೇರಿತ್ತು. ಗಂಡಸರನ್ನೆಲ್ಲ ಹೊರಗೆ ಅಟ್ಟಿ ಕೌದಿ ಎತ್ತಿದೆ. ಹಾಸಿಗೆಯೆಲ್ಲ ರಕ್ತ. ಡಾಕ್ಟರು ಓಡಿ ಬಂದರು, ಸಲೈನ್ ಹಚ್ಚಿದರು, ನಾನು ಹೊಟ್ಟೆ ಒತ್ತಿ ಹಿಡಿದೆ. ರಕ್ತ ತರಲು ಹೋದವರು ಮರಳುವ ಮೊದಲೇ ಆಕೆ ತೀರಿಕೊಂಡಳು.

ಎದುರಿಗೆ ಸಿಕ್ಕವರನ್ನು ಬಡಿಯುವಷ್ಟು ಸಿಟ್ಟು ಬಂದಿತ್ತು ನನಗೆ. ಸಿಕ್ಕವಳು ಆ ಅತ್ತೆ. “ಬಾಜೂಕ ಕುಂತು ಏನ್ ಮಾಡಾಕತ್ತಿದ್ರಿ? ಒಂದು ಮಾತು ಹೇಳಬಾರದಾಗಿತ್ತೇನ್ರಿ?”

ಮುದುಕಿ ಸೊಸೆಯ ಕಾಲು ಬಿಟ್ಟಿರಲಿಲ್ಲ. “ಮುಂಜಾನೆನ ನನ್ನ ಕಿವ್ಯಾಗ ಹೇಳಿದ್ಲ್ರಿ, ಭಾಳ ಹೊಂಟೈತಿ ಅಂತ. ಇವರು ಇಲ್ಲೇ ಕುಂತಿದ್ರು. ಇವರ ಮುಂದ ಅಂಥಾದ್ದು ಹೆಂಗ ಹೇಳೂದ್ರಿ? ನರ್ಸಬಾಯಿ ಬಂದು ಇವರನ್ನ ಹೊರಗ ಕಳಸ್ತಾಳ, ಆಗ ಹೇಳೂನು ಅಂತ ಇಬ್ರೂ ಹಾದಿ ಕಾಯ್ಕೋತ ಇದ್ವಿ.”

ಮಾವ ಬಾಗಿಲಲ್ಲೇ ನಿಂತಿದ್ದರು. ಎಲ್ಲವೂ ಅವರಿಗೆ ಕೇಳಿಸಿತು. ಗೋಡೆಗೆ ಒರಗಿದ್ದ ಆ ಹುಡುಗಿಯ ಕಡೆ ತಿರುಗಿ, “ಹೊರಗ ಹೋಗಂತ ಒಂದು ಮಾತು ಅಂದಿದ್ರ ನಾ ಎದ್ದು ಹೋಗ್ತಿದ್ನಲ್ಲವ್ವಾ,” ಎಂದರು.