ತೊಲೆಯಲ್ಲಿ ಉಳಿದ ಮೊಳೆ

ಹೋದ ತಿಂಗಳು ಮಲೇಷ್ಯಾದ ಮೆಲಾಕಾದ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ರಹೀಮ್ ಅಂಕಲ್ ಹಳೆಯ ಹಲಸಿನ ಮರವೊಂದನ್ನು ಕಡಿಸಿದರು. ಕಾಲೇಜಿನಿಂದ ಬಂದು ಕಾರಿನ ಬಾಗಿಲು ತೆರೆದದ್ದೇ ತಡ, ಆ ವಾಸನೆ ಮುಖಕ್ಕೆ ಬಡಿಯಿತು. ಒದ್ದೆ ಅರಿಶಿನಕ್ಕೆ ಚೂರು ಹುಳಿ ಬೆರೆತಂಥ ವಾಸನೆ. ಗರಗಸದ ಹಳದಿ ಹೊಟ್ಟು ಚರಂಡಿಯ ಉದ್ದಕ್ಕೂ ಬಿದ್ದಿತ್ತು. "ಸುದಾ ಮಕಾನ್, ಡಾಕ್ಟರ್?" ಎಂದು ಅಂಕಲ್ ಮಲಯ ಭಾಷೆಯಲ್ಲಿ ಊಟದ ವಿಚಾರ ಕೇಳಿದರು. ನಾನು ಒಂದು ಹಿಡಿ ಹೊಟ್ಟು ಎತ್ತಿ ಮೂಸುತ್ತಾ ನಿಂತುಬಿಟ್ಟೆ. ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ಮೊದಲಿಗಳು. ಆದರೂ ಯಾರ ಪೈಕಿ ಎಂದು ಕೇಳಿದರೆ ಇವತ್ತಿಗೂ ಮೊದಲು ಬಾಯಿಗೆ ಬರುವುದು ಮಂಜಾಚಾರ್ರ ಹೆಸರು.

ಮಂಜಾಚಾರ್ರು ನನ್ನ ಅಜ್ಜನ ಅಜ್ಜ. ಕುಂದಾಪುರದ ಕಡೆ, ಹೊಳೆಯ ಎರಡೂ ದಡದಲ್ಲಿ, ಬ್ರಿಟಿಷರ ಕಾಲದಲ್ಲಿ ಮನೆಗಳನ್ನು ಕಟ್ಟಿದ ಬಡಗಿ. ನನ್ನ ಅಜ್ಜ ಚಿಕ್ಕವರಿದ್ದಾಗ ಅವರನ್ನು ಕಣ್ಣಾರೆ ಕಂಡಿದ್ದರು. ಉಳಿ, ಬಾಚಿ, ಗರಗಸಗಳನ್ನು ಗೋಣಿಯಲ್ಲಿ ಸುತ್ತಿ ದೋಣಿ ಹತ್ತಿದರೆ ಮಂಜಾಚಾರ್ರು ಮನೆಗೆ ಮರಳುತ್ತಿದ್ದದ್ದು ಆ ಕೆಲಸದ ಕೊನೆಯ ಬಾಗಿಲು ನಿಂತ ಮೇಲೆಯೇ. ದೇವಸ್ಥಾನಕ್ಕೂ ಮರದ ಮುಚ್ಚಿಗೆ ಮಾಡಿದರು, ಮುಸ್ಲಿಮರ ಪಳ್ಳಿಗೂ ಮಾಡಿದರು. ಊಟ ಮಾತ್ರ ಎಲ್ಲ ಕಡೆಯೂ ಅಂಗಳದಲ್ಲೇ, ಎಲೆ ತಾವೇ ಎತ್ತಬೇಕು. ತಾನು ಕೂರಿಸಿದ ಹೊಸ್ತಿಲನ್ನು ಗೃಹಪ್ರವೇಶದ ಮರುದಿನ ತಾನೇ ದಾಟುವ ಹಾಗಿಲ್ಲ ಎಂಬುದು ಅವರಿಗೆ ನುಂಗಲಾರದ ತುತ್ತಾಗಿತ್ತಂತೆ. ಅದಕ್ಕೇ ಇರಬೇಕು, ತನ್ನ ಮನೆಯನ್ನು ಅವರು ಯಾವ ಧಣಿಯ ಮನೆಗೂ ಕಮ್ಮಿಯಿಲ್ಲದ ಹಾಗೆ ಕಟ್ಟಿದರು. ಸಣ್ಣ ಮನೆಯೇ. ಆದರೆ ಕಬ್ಬಿಣದ ಒಂದು ಮೊಳೆಯೂ ಇರಲಿಲ್ಲ. ಮರಕ್ಕೆ ಮರವೇ ಕಚ್ಚಿಕೊಂಡು ನಿಂತಿತ್ತು.

ಆ ಮನೆಯ ಜಗಲಿಯ ಮೇಲೆ ಅಡ್ಡಲಾಗಿ ಒಂದು ಹಲಸಿನ ತೊಲೆಯಿತ್ತು. ನಾನು ಕಂಡಾಗ ಅದು ಹೊಗೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮನೆ ಮುಗಿದ ದಿನ ಮಂಜಾಚಾರ್ರು ಅದಕ್ಕೆ ಹುಣಸೆ ಮರದ ಒಂದು ಮೊಳೆ ಹೊಡೆದರಂತೆ, ತನ್ನ ಗುರುತಿಗೆ. ಅಂದಿನಿಂದ ಮನೆಯ ಗಂಡುಮಕ್ಕಳು ಯಾರೇ ಆಗಲಿ, ಮೊದಲ ಬಾಗಿಲನ್ನು ಬೇರೆ ಯಾರ ಕೈಯೂ ತಾಗಿಸದೆ ಮಾಡಿ ಮುಗಿಸಿದಾಗ, ತಾವೇ ಕೆತ್ತಿದ ಮರದ ಮೊಳೆಯೊಂದನ್ನು ಆ ತೊಲೆಗೆ ಹೊಡೆಯುವುದು ಪದ್ಧತಿಯಾಯಿತು. ನನ್ನ ಅಣ್ಣನದೂ ಅಲ್ಲಿತ್ತು. ನಾನು ಆ ಸಾಲಿನ ಕೆಳಗೆ, ಅಪ್ಪ ಕೀಸಿದ ಹಲಗೆಯ ಹೆರೆಗಳ ರಾಶಿಯ ಪಕ್ಕ ಕೂತು ಓದಿದವಳು. ಪೇಟೆಯ ಕಾಲೇಜಿನಲ್ಲಿ ನಾನು ಕೂತ ಬೆಂಚು ಕೂಡ ಅಪ್ಪ ಮಾಡಿದ್ದೇ. ಸಹಪಾಠಿಗಳು "ಆಚಾರಿ ಮಗ್ಳ್, ಬೆಂಚ್ ಅಲ್ಲಾಡ್ತ್ ಕಾಣ್" ಎಂದು ಕೆಣಕುತ್ತಿದ್ದರು. ಅದು ಒಮ್ಮೆಯೂ ಅಲ್ಲಾಡಿರಲಿಲ್ಲ.

ಎಂ.ಬಿ.ಬಿ.ಎಸ್. ಮುಗಿಸಿ ಮನೆಗೆ ಬಂದ ದಿನ, ತೊಂಬತ್ತರ ಹತ್ತಿರದ ಅಜ್ಜ ಜಗಲಿಯಲ್ಲಿ ಕೂತು, "ಹೆಣೆ, ಒಂದ್ ಮೊಳೆ ಕೆತ್ತ್" ಎಂದರು. ನಾನು ತೊಲೆಯತ್ತ ನೋಡಿದೆ. ಚಿಕ್ಕಂದಿನಿಂದ ಆ ಸಾಲನ್ನು ನೋಡಿ ಆಸೆಪಟ್ಟವಳು, ಬಾಯಿಬಿಟ್ಟು ಕೇಳಿದವಳಲ್ಲ.

ಚಿಕ್ಕಪ್ಪ ಬಿಡಲಿಲ್ಲ. "ಕಲ್ತದ್ ಒಳ್ಳೇದೇ. ಆರೆ ಬಾಗ್ಲ್ ಮಾಡದ್ದೆ ಮೊಳೆ ಹೊಡುದ್ ಹ್ಯಾಂಗೆ ಅಪ್ಪಯ್ಯ? ಅದೂ ಹೆಣ್ಣ್ಮಕ್ಕಳ್!"

ಅಜ್ಜ ತಲೆಯೆತ್ತಿ ತೊಲೆ ತೋರಿಸಿದರು. "ಆ ಎರಡ್ನೇ ಮೊಳೆ ಯಾರದ್ದ್ ಅಂದ್ಕಂಡೆ? ನನ್ನಜ್ಜನ್ ಹೆಂಡ್ತೀದ್. ಈ ತೊಲೆ ಕೊಯ್ಯುವತ್ತಿಗೆ ಗರಗಸದ ಆಚಿ ತುದಿ ಹಿಡದದ್ದ್ ಅವ್ಳೇ. ಅವ್ಳ್ ಯಾವ್ ಬಾಗ್ಲ್ ಮಾಡಿದ್ಲ್, ಹೇಳ್ ಕಾಂಬ?"

ಚಿಕ್ಕಪ್ಪ ಎಲೆಅಡಿಕೆ ಉಗಿಯುವ ನೆಪದಲ್ಲಿ ಅಂಗಳಕ್ಕಿಳಿದರು. ಅಪ್ಪ ಏಣಿ ತಂದಿಟ್ಟರು. ನಾನು ಕೆತ್ತಿದ ಮೊಳೆ ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಹೊಡೆದೆ. ಅರ್ಧ ಹೋಗಿ ಸೊಟ್ಟಗೆ ಕಚ್ಚಿಕೊಂಡಿತು. ಅಣ್ಣ ನಗುತ್ತಾ ಕೀಳಲು ಹೋದ. "ಇರ್ಲಿ ಬಿಡ್" ಎಂದರು ಅಜ್ಜ. "ಅದ್ ಇನ್ನ್ ಬಪ್ಪುದಲ್ಲ." ಉಳಿದ ಮೊಳೆಗಳೆಲ್ಲ ತೊಲೆಯ ಮಟ್ಟಕ್ಕೆ ಕೂತಿದ್ದವು, ನನ್ನದು ಮಾತ್ರ ಮುಂದಕ್ಕೆ ಚಾಚಿತ್ತು. ಮರುದಿನದಿಂದ ಅಜ್ಜ ತನ್ನ ಶಾಲನ್ನು ಅದಕ್ಕೇ ನೇತುಹಾಕತೊಡಗಿದರು. ಅವರ ಕೊನೆಯ ದಿನದವರೆಗೂ ಅದು ಅಲ್ಲೇ ನೇತಾಡಿತು.

ಹೋದ ವರ್ಷ ರಸ್ತೆ ಅಗಲ ಮಾಡುವಾಗ ಮನೆ ಹೋಯಿತು. ಬೀಳಿಸಲಿಲ್ಲ, ಬಿಚ್ಚಿದರು. ಕಬ್ಬಿಣದ ಮೊಳೆಯಿಲ್ಲದ ಮನೆ, ಕಟ್ಟಿದ ಹಾಗೆಯೇ ಒಂದೊಂದಾಗಿ ಬಿಚ್ಚಿಕೊಂಡಿತು. ಹೊಳೆಯಾಚೆ ಹೊಸ ಮನೆ ಕಟ್ಟುವವರೊಬ್ಬರು ತೊಲೆಯನ್ನು ಕೊಂಡರು. ಅದನ್ನು ಕೊಡುವ ಮೊದಲು ಅಣ್ಣ ಮೊಳೆಗಳನ್ನು ಹಿಂದಿನಿಂದ ತಟ್ಟಿ ತೆಗೆಯುತ್ತಾ ನನಗೆ ವಿಡಿಯೋ ಕರೆ ಮಾಡಿದ. ಮಂಜಾಚಾರ್ರದು ಬಂತು, ಅವರ ಹೆಂಡತಿಯದು ಬಂತು, ಅಜ್ಜನದು, ಅಪ್ಪನದು, ಎಲ್ಲರದೂ ಹುಣಸೆ ಬೀಜದ ಹಾಗೆ ನುಣುಪಾಗಿ ಅಂಗೈಗೆ ಬಿದ್ದವು.

"ನಿಂದ್ ಮಾತ್ರ ಬತ್ತಿಲ್ಲೆ ಮಾರಾಯ್ತಿ. ಸುತ್ತ ಕೊಯ್ದ್ ತೆಗೂದಾ?"

ನನ್ನ ಮಗಳು ಹೆಗಲ ಮೇಲಿಂದ ಇಣುಕಿ, "ಅಮ್ಮಾ, ವೈ ಸೋ ಕ್ರುಕೆಡ್ ಲಾ?" ಎಂದು ಇಲ್ಲಿನ ಇಂಗ್ಲಿಷಿನಲ್ಲಿ ಕೇಳಿದಳು.

ಬೇಕು ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ಇಲ್ಲಿನ ಮನೆಯ ಕಪಾಟಿನಲ್ಲಿ ಅದಕ್ಕೆ ಜಾಗವನ್ನೂ ನೋಡಿಟ್ಟಿದ್ದೆ. ಆದರೆ ಅದನ್ನು ತೆಗೆಯಬೇಕಾದರೆ ಮಂಜಾಚಾರ್ರು ಮತ್ತು ಅವರ ಹೆಂಡತಿ ಎದುರುಬದುರು ನಿಂತು ಕೊಯ್ದ ಮರಕ್ಕೆ ಗಾಯ ಮಾಡಬೇಕು. "ಬೇಡ ಅಣ್ಣ. ಇರಲಿ ಬಿಡು" ಎಂದೆ.

ಈಗ ಆ ತೊಲೆ ನಾನು ಕಾಣದ ಒಂದು ಜಗಲಿಯ ಮೇಲಿದೆ. ನಿಮ್ಮ ಹಳೆಯ ಮನೆಯ ತೊಲೆಯೂ ಹೀಗೇ ಎಲ್ಲೋ ಯಾರದೋ ಹಂಚಿನ ಮಾಡನ್ನು ಹೊತ್ತಿರಬಹುದು. ಮಂಜಾಚಾರ್ರ ಮನೆಯವರ ಮೊಳೆಗಳಿದ್ದ ತೂತುಗಳು ಖಾಲಿಯಿವೆ. ಬಾಗಿಲು ಮಾಡದವಳ ಸೊಟ್ಟ ಮೊಳೆಯೊಂದು ಉಳಿದಿದೆ. ಮೊನ್ನೆ ಅಣ್ಣ ಆ ದಾರಿಯಲ್ಲಿ ಹೋದವನು ಒಳಗೆ ಇಣುಕಿ ಬಂದನಂತೆ. ನನ್ನ ಮೊಳೆಗೆ ಯಾವುದೋ ಮಗುವಿನ ಶಾಲೆಯ ಚೀಲ ನೇತಾಡುತ್ತಿತ್ತಂತೆ.