ರೇಗನ್ಸ್‌ಬರ್ಗಿನ ಕಾಡಿನಲ್ಲಿ ಎಳ್ಳ ಅಮಾವಾಸ್ಯೆ

2024ರ ಡಿಸೆಂಬರ್ ಕೊನೆಯ ವಾರ. ಬಾಗಲಕೋಟೆ ಹತ್ತಿರದ ಹಳ್ಳಿಯಿಂದ ನಮ್ಮ ಅತ್ತೆ ಮೊದಲ ಸಲ ಜರ್ಮನಿಯ ರೇಗನ್ಸ್‌ಬರ್ಗಿನ ನಮ್ಮ ಮನೆಗೆ ಬಂದಿದ್ದರು. ಎಳ್ಳ ಅಮಾವಾಸ್ಯೆ ಹತ್ತಿರವಾದಂತೆ ಅವರ ಮಾತು ಕಡಿಮೆಯಾಯಿತು. ಹೀಟರ್ ಪಕ್ಕದ ಕುರ್ಚಿಯಲ್ಲಿ ಕೂತು ಕಿಟಕಿಯಿಂದ ಕಾರುಗಳನ್ನು ನೋಡುತ್ತಿದ್ದರು. ಒಂದು ದಿನ ಅಡುಗೆಮನೆಗೆ ಬಂದವರು, “ಲಗ್ನ ಆಗಿ ಬಂದಾಗಿಂದ ಒಂದ್ ವರ್ಷಾನೂ ಚರಗ ತಪ್ಪಿಸಿಲ್ಲವಾ ನಾ. ಈ ಸಲ ತಪ್ತದ ನೋಡು” ಎಂದರು.

ನಮ್ಮ ಕಡೆ ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಪೂಜೆಯಾದ ಮೇಲೆ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ ಬೆಳೆಯ ಮೇಲೆ ಚೆಲ್ಲುತ್ತೇವೆ. ಅದೇ ಚರಗ. ಪೈರು ಹೊತ್ತ ಭೂಮಿತಾಯಿ ಬಸುರಿ, ಇದು ಅವಳ ಬಯಕೆಯ ಊಟ ಎಂಬ ನಂಬಿಕೆ.

“ಹೊಲ ಇಲ್ಲ ಖರೆ, ಕಾಡರ ಐತಿ. ಅಲ್ಲೇ ಹೋಗೂಣ ಅತ್ತಿ” ಎಂದೆ. ಅಮಾವಾಸ್ಯೆಯ ದಿನ ಬೆಳಿಗ್ಗೆ ಬೇಗ ಎದ್ದು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೂರಣದ ಕಡುಬು ಮಾಡಿದೆ. ನಮ್ಮವರಿಗೆ ಕಾರ್ಖಾನೆಯಲ್ಲಿ ಡ್ಯೂಟಿ ಇತ್ತು. ಅತ್ತೆ, ನಾನು, ರಜೆಯಲ್ಲಿದ್ದ ಮಗಳು ಅನಘಾ, ಮೂವರೂ ಬಸ್ಸು ಹಿಡಿದು ಊರಾಚೆಯ ನಾಟೂರ್‌ಪಾರ್ಕಿಗೆ ಹೋದೆವು. ಸರ್ಕಾರ ಕಾಪಾಡುವ ದೊಡ್ಡ ಕಾಡು ಅದು, ಯಾರು ಬೇಕಾದರೂ ನಡೆದಾಡಬಹುದು.

ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡಿದ್ದ ಅತ್ತೆಗೆ ಕಾಡಿಗೆ ಕಾಲಿಟ್ಟ ಕೂಡಲೇ ಜೀವ ಬಂತು. ಎಲೆ ಉದುರಿದ ಮರಗಳು ಗುಡಿಯ ಕಂಬಗಳ ಹಾಗೆ ನುಣ್ಣಗೆ ನಿಂತಿದ್ದವು. ನೆಲದ ಎಲೆಗಳ ಅಂಚಿಗೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಅತ್ತೆ ಒಂದು ಎಲೆಯನ್ನೆತ್ತಿ, ಇಬ್ಬನಿ ಬೆರಳ ಮೇಲೆ ಕರಗುವುದನ್ನೇ ನೋಡಿದರು.

“ಈ ಗಿಡಕ್ಕ್ಯಾಕ ನೀಲಿ ಬಣ್ಣ ಬಳ್ದಾರ?”

“ದಾರಿ ತಪ್ಪಬಾರ್ದಂತ, ಅಜ್ಜಿ. ಅದು ವಾಂಡರ್‌ವೇಗ್ ಮಾರ್ಕು, ನಡಿಯೋರಿಗೆ” ಎಂದಳು ಅನಘಾ.

“ಗಿಡಾನ ದಾರಿ ಹೇಳ್ತಾವೇನ್? ಮತ್ತ ನಿನ್ನ ಯಾಕ ಕರ್ಕೊಂಡ್ ಬಂದ್ವಿ?”

ತಿರುವು ದಾಟಿದಾಗ ಅತ್ತೆ ನಿಂತೇಬಿಟ್ಟರು. ದಾರಿಯ ಪಕ್ಕ ಒಂದು ಅಂಕಣದಷ್ಟು ಜಾಗದಲ್ಲಿ ಮಣ್ಣು ನೇಗಿಲಿನಿಂದ ಉತ್ತಂತೆ ಹೊರಳಿ ಬಿದ್ದಿತ್ತು, ಕಪ್ಪಗೆ, ಹಸಿಯಾಗಿ. “ನೋಡವಾ, ಯಾರೋ ರಂಟಿ ಹೊಡದಾರ! ಕಾಡಿನಾಗೂ ಬಿತ್ತತಾರ ಇವ್ರು” ಎಂದು ಹಿಗ್ಗಿದರು. ನನಗೂ ಯಾರೋ ಅಗೆದಿದ್ದಾರೆ ಎಂದೇ ಅನಿಸಿತು. ಅಲ್ಲೇ ಅರಿಷಿಣ ಕುಂಕುಮ ಏರಿಸಿ, ಬಾಳೆಎಲೆಯ ಬದಲು ಸ್ಟೀಲ್ ತಟ್ಟೆಯಲ್ಲಿ ಎಲ್ಲವನ್ನೂ ಕಲಸಿ, ಅತ್ತೆ ಮೊದಲ ಹಿಡಿ ಚೆಲ್ಲಿದರು.

“ಹಾಲ್ಟ್! ಹಾಲ್ಟ್!” ಎಂದು ಹಿಂದಿನಿಂದ ಕೂಗು ಬಂತು. ನಾಯಿ ಹಿಡಿದುಕೊಂಡ ಹೆಂಗಸೊಬ್ಬಳು ಬಿರಬಿರನೆ ಬಂದು ಜರ್ಮನ್‌ನಲ್ಲಿ ಗದರತೊಡಗಿದಳು. ಇಲ್ಲಿ ಯಾರಾದರೂ ನಿಯಮ ತಪ್ಪಿದರೆ ಪೊಲೀಸರೇ ಬರಬೇಕೆಂದಿಲ್ಲ, ದಾರಿಹೋಕರೇ ಹೇಳುತ್ತಾರೆ. ಅನಘಾ ಕೆಂಪಗಾಗಿ ಮೆಲ್ಲಗೆ ತಿಳಿಸಿದಳು: “ಅಜ್ಜಿ, ಅದು ರಂಟಿ ಅಲ್ಲ. ಕಾಡುಹಂದಿ ಮೂತಿಲೆ ಕೆದರ್ಯಾವಂತ. ನಮ್ಮ ಊಟ ತಿಂದ್ರ ಅವಕ್ಕ ರೋಗ ಬರಬಹುದಂತ, ಅವುಗಳಿಂದ ಸಾಕಿದ ಹಂದಿಗೂ ಹರಡ್ತದಂತ. ಎಲ್ಲಾ ಆರಿಸ್ಬೇಕಂತ.”

ಅತ್ತೆಯೇ ಮೊದಲು ಬಗ್ಗಿದರು. ನಾವು ಮೂವರೂ ಥಂಡಿ ಮಣ್ಣಿನಿಂದ ರೊಟ್ಟಿಯ ಚೂರುಗಳನ್ನು ಆರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆವು. “ಆತು ಬಿಡು, ಈ ವರ್ಷ ಭೂಮಿತಾಯಿ ಹಸಕೊಂಡ ಇರ್ಲಿ” ಎಂದರು ಅತ್ತೆ.

ಆ ಹೆಂಗಸಿಗೂ ಏನೋ ಅನಿಸಿರಬೇಕು. ಊಟ ಯಾಕೆ ಎಸೆದಿರಿ ಎಂದು ಈ ಸಲ ಮೆತ್ತಗೆ ಕೇಳಿದಳು. ಅನಘಾ ತನಗೆ ಬಂದಂತೆ ಹೇಳಿದಳು: ಭೂಮಿ ಬಸುರಿ, ಅಜ್ಜಿ ಅವಳಿಗೆ ಉಣಿಸುತ್ತಿದ್ದರು. ಆ ಹೆಂಗಸು ಜೋರಾಗಿ ನಕ್ಕು, ದಪ್ಪ ಕೋಟಿನ ಗುಂಡಿ ಬಿಚ್ಚಿದಳು. ತುಂಬಿದ ಹೊಟ್ಟೆ!

“ಅಯ್ಯ ಯವ್ವಾ, ಎಷ್ಟರಾಗ ಅದಾಳ ಕೇಳ!” ಎಂದರು ಅತ್ತೆ. ಎಂಟನೆಯ ತಿಂಗಳು. ಅತ್ತೆ ಬುತ್ತಿ ಬಿಚ್ಚಿ ಕಡುಬು ತೆಗೆದೇಬಿಟ್ಟರು. ಅವಳು ಇದರಲ್ಲಿ ಏನೇನಿದೆ ಎಂದು ವಿಚಾರಿಸಿದಳು. ಕಡಲೆಬೇಳೆ, ಬೆಲ್ಲ, ಏಲಕ್ಕಿ ಎಂದೆ. ಅವಳು ನಾಯಿಯ ಹಗ್ಗವನ್ನು ಅನಘಾಳ ಕೈಗೆ ಕೊಟ್ಟು, ಅಲ್ಲೇ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಕೂತು, ಒಮ್ಮೆ ಮೂಸಿ ನೋಡಿ ತಿಂದಳು. ಎರಡನೆಯದನ್ನು ತಾನೇ ಕೈಚಾಚಿ ಕೇಳಿದಳು. ಅತ್ತೆ ಅವಳ ಹಣೆಗೆ ಕುಂಕುಮ ಹಚ್ಚಿ, ಊರಲ್ಲಿ ಚರಗ ಚೆಲ್ಲುತ್ತ ಹೊಲ ಸುತ್ತುವಾಗ ಹಾಕುವ ಕೂಗನ್ನು ಸಣ್ಣ ದನಿಯಲ್ಲಿ ಹಾಕಿದರು.

ಅವಳ ಹೆಸರು ಕೇಳುವುದೇ ಮರೆತುಹೋಯಿತು. ಗಂಡು ಹುಟ್ಟಿತೋ ಹೆಣ್ಣೋ, ಅತ್ತೆ ಊರಿಗೆ ಹೋದ ಮೇಲೂ ಫೋನಿನಲ್ಲಿ ಕೇಳುತ್ತಾರೆ. ನನಗೂ ತಿಳಿಯುವ ಆಸೆ. ಆ ಕಾಡಿಗೆ ಹೋದಾಗಲೆಲ್ಲ ತಳ್ಳುಗಾಡಿಯಲ್ಲಿ ಮಗು ಕಂಡರೆ ಬಗ್ಗಿ ನೋಡುತ್ತೇನೆ.

ಅವತ್ತು ಸಂಜೆ ಊರಿನಿಂದ ನಾದಿನಿಯ ಫೋನ್ ಬಂತು. “ಅಲ್ಲೆ ಚರಗ ಚೆಲ್ಲಿದಿ ಏನಬೇ?”

“ಚೆಲ್ಲಾಕ ಬಿಡ್ಲಿಲ್ಲವಾ,” ಎಂದರು ಅತ್ತೆ, “ಕೈಯಾಗ ಕೊಟ್ಟು ಉಣಿಸಿ ಬಂದೆ.”